ಬ್ರೇಕು ಕಾರಿನವರದು, ರಸ್ತೆ ಯಾರದು?

ಹಾಸನ: ಭಾನುವಾರ ಬೆಳಿಗ್ಗೆ ಊರಿನ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬಂದರೆ ಈ ದೃಶ್ಯ ತಪ್ಪುವುದಿಲ್ಲ. ರಸ್ತೆ ಬದಿಯಲ್ಲಿ ಕಾರು ಜಾಕಿನ ಮೇಲೆ ನಿಂತಿದೆ. ಲುಂಗಿ ಎತ್ತಿ ಕಟ್ಟಿದ ಯಜಮಾನರು ಹಿಂದಿನ ಚಕ್ರ ಬಿಚ್ಚಿಟ್ಟು ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಕ್ಕದ ಮೊಬೈಲಿನಲ್ಲಿ ಯಾರೋ ಪಾಠ ಹೇಳುತ್ತಿದ್ದಾನೆ. ‘ಯಾಕ್ ಸಾರ್, ಮೆಕ್ಯಾನಿಕ್ ಸಿಗ್ಲಿಲ್ವಾ?’ ಎಂದು ಹಾಲು ತರಲು ಹೊರಟವರು ಕೇಳಿದರೆ, ‘ಅದೇನ್ ಬ್ರಹ್ಮವಿದ್ಯೆ ಏನ್ರೀ, ಎರಡು ಬೋಲ್ಟು!’ ಎಂಬ ಉತ್ತರ ಸಿದ್ಧ.

ಬ್ರಹ್ಮವಿದ್ಯೆ ಅಲ್ಲ, ನಿಜ. ಡಿಸ್ಕ್ ಬ್ರೇಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವುದು ಪ್ಯಾಡು. ಹೊಸದರಲ್ಲಿ ಉಜ್ಜುವ ಭಾಗ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. ಸವೆದು 3 ಮಿ.ಮೀ.ಗೆ ಬಂತೆಂದರೆ ಬದಲಿಸುವ ಕಾಲ ಬಂತು. ಕೈಯಲ್ಲಿ ಸ್ಪ್ಯಾನರ್ ಹಿಡಿಯಬಲ್ಲವರು ಸ್ವಂತ ಕಾರಿನ ಕೆಲಸ ಸ್ವತಃ ಮಾಡಿಕೊಂಡರೆ ಯಾರ ಗಂಟೇನೂ ಹೋಗುವುದಿಲ್ಲ.

ಆದರೆ ಮುಂದಿನ ಚಕ್ರದಲ್ಲಿ ಕಲಿತದ್ದು ಹಿಂದಿನದಕ್ಕೆ ನಡೆಯುವುದಿಲ್ಲ ಎಂಬುದು ಎಷ್ಟು ಜನಕ್ಕೆ ಗೊತ್ತು? ಹಿಂದೆ ಹ್ಯಾಂಡ್ ಬ್ರೇಕಿನ ಸಂಬಂಧವೂ ಸೇರಿಕೊಂಡಿರುತ್ತದೆ. ಮುಂದಿನ ಪಿಸ್ಟನ್ ಅನ್ನು ಕ್ಲಾಂಪ್ ಹಾಕಿ ಒತ್ತಿದರೆ ಸೀದಾ ಒಳಗೆ ಹೋಗುತ್ತದೆ. ಹಿಂದಿನದನ್ನು ಎಷ್ಟೋ ಕಾರುಗಳಲ್ಲಿ ಸ್ಕ್ರೂ ತಿರುಗಿಸಿದ ಹಾಗೆ ತಿರುಗಿಸಿಯೇ ಒಳಗೆ ಕಳಿಸಬೇಕು. ಬಲವಂತವಾಗಿ ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ. ಗುಂಡಿ ಒತ್ತುವ ಹ್ಯಾಂಡ್ ಬ್ರೇಕ್ ಇರುವ ಹೊಸ ಕಾರುಗಳಲ್ಲಂತೂ ಅಲ್ಲಿನ ಮೋಟರನ್ನು ಮೊದಲು ಹಿಂದಕ್ಕೆ ಸರಿಸದೆ ಕೈ ಹಾಕುವಂತೆಯೇ ಇಲ್ಲ.

ಇನ್ನೊಂದು ಸಂಗತಿ. ಹಿಂದಿನ ಪ್ಯಾಡು ಬಿಚ್ಚಬೇಕಾದರೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಅಂದರೆ ಜಾಕಿನ ಮೇಲಿರುವ ಕಾರಿಗೆ ಹಿಡಿತವೇ ಇಲ್ಲ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಡದೆ, ಕೆಳಗೆ ಸ್ಟ್ಯಾಂಡ್ ಇಡದೆ, ಬರೀ ಟೈರು ಬದಲಿಸಲು ಕಂಪನಿ ಕೊಟ್ಟ ಜಾಕನ್ನೇ ನಂಬಿ ಕೂರುವುದು ಧೈರ್ಯವಲ್ಲ, ಹುಂಬತನ. ಪಕ್ಕದಲ್ಲಿ ಮಕ್ಕಳು ಚೆಂಡಾಡುತ್ತಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಕೆಲಸ ಮುಗಿದ ಮೇಲಿನದು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಸಲ ಪೆಡಲ್ ತುಳಿದಾಗ ಅದು ಖಾಲಿ ಖಾಲಿಯಾಗಿ ನೆಲಕ್ಕೆ ಹೋಗುತ್ತದೆ. ಗಾಡಿ ಅಲುಗಾಡಿಸುವ ಮುಂಚೆ ಗಟ್ಟಿಯಾಗುವ ತನಕ ಪೆಡಲ್ ತುಳಿಯಬೇಕು. ಇದನ್ನು ಮರೆತು ಸ್ಟಾರ್ಟ್ ಮಾಡಿ ರಿವರ್ಸ್ ತೆಗೆದ ಪುಣ್ಯಾತ್ಮರ ಹಿಂದೆ ಯಾರಿರುತ್ತಾರೆ? ತರಕಾರಿ ಗಾಡಿಯವನೋ, ಸ್ಕೂಲಿಗೆ ಹೊರಟ ಹುಡುಗಿಯೋ ಇರುತ್ತಾರೆ. ಶನಿವಾರ ರಾತ್ರಿ ಪ್ಯಾಡು ಹಾಕಿ ಭಾನುವಾರ ಬೆಳಿಗ್ಗೆ ಸಂಸಾರ ಸಮೇತ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಡುವವರೂ ಇದ್ದಾರೆ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವ ತನಕ ಪೂರ್ತಿ ಹಿಡಿತ ಕೊಡುವುದಿಲ್ಲ. ಆ ಪರೀಕ್ಷೆಗೆ ಘಾಟಿಯೇ ಆಗಬೇಕೆ?

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳಬಹುದು. ಬಸ್ಸು, ಲಾರಿ, ಟ್ಯಾಕ್ಸಿಗಳಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪತ್ರ ಬೇಕು. ಸ್ವಂತ ಕಾರಿಗೆ? ಹೊಸದಾಗಿ ರಿಜಿಸ್ಟರ್ ಆದರೆ 15 ವರ್ಷ ಅದನ್ನು ಅರ್ಹತಾ ಪತ್ರಕ್ಕೆ ತನ್ನಿ ಎಂದು ಕರೆಯುವವರಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ, ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ತಿಳಿಯಬಹುದಾಗಿದ್ದ ಅಪಾಯಕರ ದೋಷವಿರುವ ಗಾಡಿ ಓಡಿಸಿದರೂ ಅಪರಾಧ ಎಂದಿದೆ. ಕಾನೂನು ಇದೆ, ನೋಡುವ ಕಣ್ಣಿಲ್ಲ. ಈ ಲೆಕ್ಕದಲ್ಲಿ ಚಕ್ರ ಬಿಚ್ಚಿ ನೋಡುವ ಲುಂಗಿ ಯಜಮಾನರು, ಕಿರ್‍ರ್ ಎಂಬ ಸದ್ದಿಗೆ ರೇಡಿಯೋ ಜೋರು ಮಾಡಿಕೊಂಡು ಓಡಾಡುವವರಿಗಿಂತ ಎಷ್ಟೋ ಪಾಲು ಮೇಲು.

ಹಾಗಾಗಿ ಮನೆಯಲ್ಲಿ ಮಾಡಬೇಡಿ ಅನ್ನುವುದು ಪರಿಹಾರವಲ್ಲ. ತಿಳಿದು ಮಾಡಿ ಅನ್ನಬೇಕು. ತಿಂಗಳಿಗೊಂದು ಭಾನುವಾರ ಐ.ಟಿ.ಐ. ಶೆಡ್ಡಿನ ಬಾಗಿಲು ತೆಗೆದು, ಆರ್.ಟಿ.ಒ. ಇನ್ಸ್‌ಪೆಕ್ಟರು ಎರಡು ಗಂಟೆ ನಿಂತು ಇಷ್ಟನ್ನು ತೋರಿಸಿಕೊಟ್ಟರೆ ಬೊಕ್ಕಸವೇನೂ ಬರಿದಾಗದು. ಬಿಡಿಭಾಗದ ಅಂಗಡಿಯವರಿಗೂ ಒಂದು ಮಾತು: ಕಾರಿನ ಮಾಡೆಲ್ಲು, ಇಸವಿ ಕೇಳಿ ಸರಿಯಾದ ಪ್ಯಾಡು ಕೊಡಿ, ಬಿಲ್ಲು ಕೊಡಿ. ‘ಒಂದೇ ಕಡೆಗೆ ಸಾಕು’ ಎನ್ನುವ ಗಿರಾಕಿಗೆ, ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಬೇಕು ಎಂದು ತಿಳಿಹೇಳಿ. ನಕಲಿ ಪ್ಯಾಡಿನಲ್ಲಿ ಸಿಗುವ ನಾಲ್ಕು ಕಾಸಿಗೆ ಆಸೆಪಟ್ಟರೆ, ಆ ಕಾರು ನಾಳೆ ನಿಮ್ಮ ಅಂಗಡಿ ಮುಂದೆಯೇ ಬರುತ್ತದೆ.

ಬಿ.ಎಂ. ರಸ್ತೆಯಲ್ಲಿ ಕೈಚೀಲ ಹಿಡಿದು ಬಸ್ಸಿಗೆ ಕಾದು ನಿಂತವರಿಗೆ ಪ್ಯಾಡು ಅಂದರೆ ಏನೆಂದು ಗೊತ್ತಿಲ್ಲ. ಅವರ ಜೀವ ಮಾತ್ರ ಆ ಕೆಲವು ಮಿಲಿಮೀಟರಿನ ಮೇಲೆಯೇ ನಿಂತಿದೆ. ಸ್ಪ್ಯಾನರ್ ಎತ್ತಿಕೊಳ್ಳುವ ಯಜಮಾನರು ಅವರನ್ನೂ ಒಮ್ಮೆ ನೆನೆಯಲಿ.