ಹೊಳೆಯೊಳಗಿನ ಕರೆಂಟು

ಕಳೆದ ತಿಂಗಳ ಒಂದು ಸಂಜೆ. ಅಂಬಿಕಾನಗರದ ನಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ಎಂದಿನಂತೆ ಏಳೆಂಟು ಮಕ್ಕಳು ಟ್ಯೂಷನ್ನಿಗೆ ಕೂತಿದ್ದರು. ಇಂಗ್ಲಿಷ್ ವಾಕ್ಯ ಓದಿ ಕನ್ನಡದಲ್ಲಿ ಅರ್ಥ ಬರೆಯುವ ಪಾಠ. ಹಲಗೆಯ ಮೇಲೆ ನಾನೇ ಬರೆದಿದ್ದೆ: ‘ದ ಬಾಯ್ ವಾಸ್ ಕ್ಯಾರಿಡ್ ಅವೇ ಬೈ ದ ಕರೆಂಟ್.’ ಆರನೇ ಕ್ಲಾಸಿನ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಬರೆದು ಪಟ್ಟಿ ತಂದು ತೋರಿಸಿದ. ‘ಹುಡುಗನಿಗೆ ಕರೆಂಟ್ ಹೊಡೆದು, ಅವನನ್ನು ಹೊತ್ತುಕೊಂಡು ಹೋದರು.’

ನನಗೆ ನಗು ತಡೆಯಲಾಗಲಿಲ್ಲ. ಸಾಲದ್ದಕ್ಕೆ ಜೋರಾಗಿ ಓದಿಬಿಟ್ಟೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವನು ಅಳಲಿಲ್ಲ, ಮಾತೂ ಆಡಲಿಲ್ಲ. ಪಟ್ಟಿ ಮುಚ್ಚಿ ಪಾಟೀಚೀಲಕ್ಕೆ ತುರುಕಿಕೊಂಡ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೇ ದಿನ ನಾನೇ ಅವರ ಮನೆಗೆ ಹೋದೆ. ತಾಯಿ ಚಾಪೆ ಹಾಸಿ ಕೂರಿಸಿ, “ನನಗ ಇಂಗ್ಲಿಷ್ ಬರೂದಿಲ್ಲ, ಟ್ಯೂಷನ್ನ ಬ್ಯಾಡ ಅಂತ ಕುಂತಾನ್ರಿ ಅಕ್ಕೋರ” ಅಂದರು. ಬಾಗಿಲ ಹಿಂದಿನಿಂದ ಹುಡುಗ ಕೇಳಿದ: “ಕರೆಂಟ್ ಅಂದ್ರ ಕರೆಂಟ್ ಅಲ್ಲೇನ್ರಿ?”

ನೀರಿನ ಹರಿವಿಗೂ ಇಂಗ್ಲಿಷಿನಲ್ಲಿ ಕರೆಂಟ್ ಅಂತಲೇ ಹೇಳ್ತಾರೆ ಮಗಾ, ಆ ಹುಡುಗ ನೀರಿನಲ್ಲಿ ಕೊಚ್ಚಿಕೊಂಡು ಹೋದ ಅಂತ ಅರ್ಥ ಎಂದು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರಗೆ ಬಂದು ನಿಂತ.

“ಹಂಗಾರ ಅಜ್ಜಿ ಊರಾಗ ಹೊಳಿ ಹಂತ್ಯಾಕ ಒಂದು ಬೋರ್ಡ್ ಐತ್ರಿ. ‘ಡೇಂಜರ್, ಸ್ಟ್ರಾಂಗ್ ಕರೆಂಟ್’ ಅಂತ ಬರದಾರ. ಅಲ್ಲೆ ಕಂಬನೂ ಇಲ್ಲ, ತಂತಿನೂ ಇಲ್ಲ. ಹಳೇ ಬೋರ್ಡ್ ಇರಬೇಕು, ಕಂಬ ಕಿತ್ತಾರ ಅಂತ ಅಪ್ಪ ಅಂದಿದ್ದ. ನಾವು ಅಲ್ಲೇ ಈಸ್ತೀವ್ರಿ.”

ಕೈಯಲ್ಲಿದ್ದ ಚಹಾದ ಲೋಟ ಹಾಗೇ ಉಳಿಯಿತು. ಎರಡು ದಿನದ ಹಿಂದೆ ನಾನು ನಕ್ಕಿದ್ದು ಯಾವುದಕ್ಕೆ ಅಂತ ಆಗ ಗೊತ್ತಾಯಿತು.

ಅವತ್ತು ರಾತ್ರಿ ಇದನ್ನೇ ಯೋಚಿಸುತ್ತ ಕೂತೆ. ಈ ಪದ ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ನಿನ ‘ಕುರ್ರೆರೆ’ ಎಂಬ ಕ್ರಿಯಾಪದದಿಂದ, ಹಳೆಯ ಫ್ರೆಂಚಿನ ದಾರಿಯಲ್ಲಿ. ಅರ್ಥ ಓಡುವುದು. ಓಡುವ ನೀರು ಕರೆಂಟ್. ಕಾಗದ ಹೊತ್ತು ಓಡುವ ಕೊರಿಯರ್, ಕಂಪ್ಯೂಟರ್ ಪರದೆಯ ಮೇಲೆ ಓಡಾಡುವ ಕರ್ಸರ್, ಕೈಯಿಂದ ಕೈಗೆ ಓಡುವ ಕರೆನ್ಸಿ, ಎಲ್ಲವೂ ಇದೇ ಮನೆತನದವು. ಈಗ ನಡೆಯುತ್ತಿರುವುದೂ ಕರೆಂಟ್. ಅದಕ್ಕೇ ಕರೆಂಟ್ ಅಫೇರ್ಸ್, ಕರೆಂಟ್ ಅಕೌಂಟ್. ಕನ್ನಡದಲ್ಲಿ ನಾವು ಪ್ರಚಲಿತ ವಿದ್ಯಮಾನ, ಚಾಲ್ತಿ ಖಾತೆ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಓಡುವುದು ನಮ್ಮಲ್ಲಿ ಚಲಿಸುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ತಂತಿಯಲ್ಲಿರುವುದಕ್ಕೆ ಹೊಳೆಯ ಹೆಸರು ಯಾಕೆ ಬಂತು? ಹದಿನೆಂಟನೇ ಶತಮಾನದ ವಿಜ್ಞಾನಿಗಳು ವಿದ್ಯುತ್ತನ್ನು ಕಣ್ಣಿಗೆ ಕಾಣದ ಒಂದು ದ್ರವ ಅಂದುಕೊಂಡಿದ್ದರು. ಬೆಂಜಮಿನ್ ಫ್ರಾಂಕ್ಲಿನ್‌ನ ವಾದವೂ ಅದೇ. ದ್ರವ ಅಂದಮೇಲೆ ಹರಿಯಲೇಬೇಕಲ್ಲ! ಆಮೇಲೆ ದ್ರವದ ಕಲ್ಪನೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ನಮ್ಮ ಪಠ್ಯಪುಸ್ತಕದ ‘ವಿದ್ಯುತ್ ಪ್ರವಾಹ’ ಎಂಬ ಪದದಲ್ಲೂ ಅದೇ ಹೊಳೆ ಇದೆ. ಟಿವಿಯಲ್ಲಿ ಪ್ರವಾಹ ಅಂದರೆ ನೆರೆ, ವಿಜ್ಞಾನದ ಪುಸ್ತಕದಲ್ಲಿ ಪ್ರವಾಹ ಅಂದರೆ ಆಂಪಿಯರ್‌ನಲ್ಲಿ ಅಳೆಯುವಂಥದ್ದು.

ಆದರೆ ಕರೆಂಟು ನಮ್ಮ ನಾಲಿಗೆಗೆ ಬಂದದ್ದು ಹೊಳೆಯಿಂದಲ್ಲ, ಕಂಬದಿಂದ. ಶಿವನಸಮುದ್ರದ ಕಾವೇರಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಳು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಮುಂದೆ ಊರೂರಿಗೆ ಕಂಬ ನೆಟ್ಟ ಹಾಗೆಲ್ಲ ಕರೆಂಟ್ ಬಂತು, ಕರೆಂಟ್ ಹೋಯ್ತು, ಕರೆಂಟ್ ಹೊಡೀತು, ಕರೆಂಟ್ ಬಿಲ್ಲು ಅನ್ನುವುದು ಅಡುಗೆಮನೆಯ ಮಾತಾಯಿತು. ಇಂಗ್ಲಿಷಿನವರು ಹೊಳೆಯ ಪದವನ್ನು ತಂತಿಗೆ ಕೊಟ್ಟರು. ನಾವು ತಂತಿಯದ್ದನ್ನು ಮಾತ್ರ ಇಸಕೊಂಡು, ಹೊಳೆಯದ್ದನ್ನು ಅವರ ಹತ್ತಿರವೇ ಬಿಟ್ಟು ಬಂದೆವು. ಪಾಪ, ಆ ಹುಡುಗ ಮಾಡಿದ್ದೇನು? ತನಗೆ ಗೊತ್ತಿದ್ದ ಕನ್ನಡದ ಕರೆಂಟನ್ನೇ ಇಂಗ್ಲಿಷ್ ವಾಕ್ಯದಲ್ಲಿ ಹುಡುಕಿದ.

ಚೀನೀ ಭಾಷೆಯ ಮಕ್ಕಳಿಗೂ ಈ ಪದ ತೊಡಕಿನದೇ, ಆದರೆ ತೊಡಕಿನ ಬಗೆ ಬೇರೆ. ಅವರು ಕರೆಂಟ್ ಪದವನ್ನು ಸಾಲ ತಂದವರಲ್ಲ. ಹರಿಯುವುದಕ್ಕೆ ಅವರಲ್ಲಿ ‘ಲಿಯು’ ಎಂಬ ಅಕ್ಷರವಿದೆ. ನೀರಿನ ಮುಂದೆ ಅದನ್ನಿಟ್ಟರೆ ಹೊಳೆಯ ಹರಿವು, ವಿದ್ಯುತ್ತಿನ ಮುಂದಿಟ್ಟರೆ ತಂತಿಯ ಹರಿವು. ‘ಈಗಿನ’ ಎಂಬ ಅರ್ಥಕ್ಕೆ ಸಂಬಂಧವೇ ಇಲ್ಲದ ಬೇರೆ ಪದ. ಹೀಗಾಗಿ ಇಂಗ್ಲಿಷಿನ ಒಂದೇ ಪದವನ್ನು ಅವರು ಮೂರು ಡಬ್ಬಿಗೆ ಹಂಚಿಕೊಳ್ಳಬೇಕು. ಗೊತ್ತಿಲ್ಲದ ಪದ ಅಂತ ಗೊತ್ತಿರುವುದರಿಂದ ನಿಘಂಟಾದರೂ ತೆರೆಯುತ್ತಾರೆ. ನಮ್ಮ ಮಕ್ಕಳು ತೆರೆಯುವುದಿಲ್ಲ. ದಿನಕ್ಕೆ ಹತ್ತು ಸಲ ಆಡುವ ಮಾತಿಗೆ ನಿಘಂಟು ಯಾಕೆ?

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ವಿದ್ಯುತ್ತಿಗೆ ಚೀನೀಯರು ಬಳಸುವ ಅಕ್ಷರಕ್ಕೆ ಮೂಲದಲ್ಲಿ ಮಿಂಚು ಅಂತ ಅರ್ಥ. ಅದರ ಹಳೆಯ ರೂಪದ ತಲೆಯ ಮೇಲೆ ಮಳೆಯ ಗುರುತೂ ಇದೆ. ನಮ್ಮ ಜಿಲ್ಲೆಯ ಮುಂಡಗೋಡಿನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಭಾಷೆಯಲ್ಲೂ ಮಿಂಚಿಗೂ ಕರೆಂಟಿಗೂ ಒಂದೇ ಪದ. ಸಂಸ್ಕೃತದಿಂದ ಬಂದ ನಮ್ಮ ವಿದ್ಯುತ್ ಕೂಡ ಮೊದಲು ಮಿಂಚೇ. ನಾವೆಲ್ಲ ಆಕಾಶ ನೋಡಿ ಹೆಸರಿಟ್ಟೆವು, ಅವರು ಹೊಳೆ ನೋಡಿ ಇಟ್ಟರು.

ಅಂಬಿಕಾನಗರದಲ್ಲಿ ಕೂತು ನೋಡಿದರೆ ಹೊಳೆಯ ಹೆಸರೇ ಸರಿ ಅನ್ನಿಸುತ್ತದೆ. ಈ ಊರು ಇರುವುದೇ ಕಾಳಿ ನದಿಯಿಂದ. ಜೋಯಿಡಾದ ದಿಗ್ಗಿ ಕಡೆ ಹುಟ್ಟುವ ಕಾಳಿಯನ್ನು ಗಣೇಶಗುಡಿಯ ಹತ್ತಿರ ಸೂಪಾ ಅಣೆಕಟ್ಟೆ ತಡೆದಿದೆ. ಅಲ್ಲಿಂದ ಬಿಟ್ಟ ನೀರು ಬೊಮ್ಮನಹಳ್ಳಿ ಜಲಾಶಯಕ್ಕೆ ಬಂದು, ಸುರಂಗದಲ್ಲಿ ಸಾಗಿ, ಕಣಿವೆಯ ಕೆಳಗಿನ ನಾಗಝರಿ ಪವರ್ ಹೌಸಿಗೆ ಇಳಿಯುತ್ತದೆ. ಅಲ್ಲಿ ಆರು ಘಟಕಗಳಿವೆ. ಸೈಕ್ಸ್ ಪಾಯಿಂಟಿನಲ್ಲಿ ನಿಂತರೆ ಆ ಕಣಿವೆ ಎಷ್ಟು ಆಳ ಅನ್ನುವುದು ಕಾಣುತ್ತದೆ. ಹೊಳೆಯ ಕರೆಂಟು ತಂತಿಯ ಕರೆಂಟಾಗುವುದು ಅಲ್ಲೇ.

ಎಚ್ಚರ ಬೇಕಾಗಿರುವುದೂ ಅದಕ್ಕೇ. ಮಳೆಗಾಲದ ಹೊಳೆ ಮೋಡ ನೋಡಿದರೆ ಗೊತ್ತಾಗುತ್ತದೆ. ಪವರ್ ಹೌಸಿನ ಕೆಳಗಿನ ಹೊಳೆ ಹಾಗಲ್ಲ. ಘಟಕ ನಿಂತಿದ್ದಾಗ ಬಂಡೆ ಕಾಣುವಷ್ಟು ಶಾಂತ. ಊರಿಗೆಲ್ಲ ಕರೆಂಟು ಬೇಕಾಗಿ ಘಟಕ ಓಡತೊಡಗಿದರೆ, ಸುಡು ಬಿಸಿಲಿನಲ್ಲೂ ನೀರು ಏರುತ್ತದೆ. ಗಣೇಶಗುಡಿಯ ರ‍್ಯಾಫ್ಟಿಂಗ್ ನಡೆಯುವುದೂ ಸೂಪಾದಿಂದ ಬಿಡುವ ನೀರನ್ನು ನಂಬಿಕೊಂಡೇ. ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದ ಮಕ್ಕಳಿಗೆ ಆ ಲೆಕ್ಕ ತಿಳಿಯುವುದು ಹೇಗೆ? ತಿಳಿಸಬೇಕಾದ ಬೋರ್ಡು ತಂತಿಯ ಮಾತಾಡುತ್ತಿದೆ ಅಂತ ಒಂದು ಮನೆಯವರೆಲ್ಲ ನಂಬಿದ್ದರು. ಓದು ಬಾರದವರಲ್ಲ ಅವರು. ಬೋರ್ಡು ಓದಿಯೇ ನೀರಿಗೆ ಇಳಿದವರು.

ಕನ್ನಡದಲ್ಲಿ ಇದಕ್ಕೆ ಪದವಿಲ್ಲವೇ? ಸೆಳೆತ ಇದೆ, ಸೆಳವು ಇದೆ. ‘ಅಲ್ಲಿ ಸೆಳವು ಭಾಳ, ಇಳೀಬ್ಯಾಡ’ ಅಂತ ಅಜ್ಜಿಯಂದಿರು ಹೇಳುವ ಮಾತು. ಇಂಗ್ಲಿಷಿನ ಕರೆಂಟ್ ನೀರು ಓಡುತ್ತಿದೆ ಅನ್ನುತ್ತದೆ. ನಮ್ಮ ಸೆಳವು ಅದು ನಿನ್ನನ್ನೂ ಎಳೆದುಕೊಂಡು ಹೋಗುತ್ತದೆ ಅನ್ನುತ್ತದೆ. ಬೋರ್ಡಿಗೆ ಬೇಕಾದದ್ದು ಆ ಪದ.

ಮುಂದಿನ ದಿನ ಹುಡುಗ ಟ್ಯೂಷನ್ನಿಗೆ ಬಂದ. ಎಲ್ಲ ಮಕ್ಕಳ ಎದುರಿಗೆ, “ಮೊನ್ನೆ ನಕ್ಕಿದ್ದು ನನ್ನ ತಪ್ಪು” ಅಂದೆ. ದೊಡ್ಡವರು ತಪ್ಪೊಪ್ಪಿಕೊಂಡರೆ ಮಕ್ಕಳಿಗೆ ಎಷ್ಟು ಮಜಾ ಅಂತೀರಿ! ಆಮೇಲೆ ಎಲ್ಲರೂ ಸೇರಿ ಇಂಥ ಪದಗಳ ಪಟ್ಟಿ ಮಾಡಿದೆವು. ಪವರ್: ಅಜ್ಜನ ಕನ್ನಡಕದಲ್ಲೂ ಇದೆ, ಪವರ್ ಹೌಸಿನಲ್ಲೂ ಇದೆ, ಗಣಿತದ ಘಾತವೂ ಅದೇ. ಯುನಿಟ್: ನಾಗಝರಿಯ ಒಂದು ಘಟಕವೂ ಯುನಿಟ್, ಬಿಲ್ಲಿನಲ್ಲಿ ಬರುವುದೂ ಯುನಿಟ್. 150 ಮೆಗಾವ್ಯಾಟಿನ ಒಂದು ಯುನಿಟ್ ಪೂರ್ತಿ ಒಂದು ಗಂಟೆ ಓಡಿದರೆ 1,50,000 ಯುನಿಟ್! ಹುಡುಗರು ಗುಣಾಕಾರ ಮಾಡಿ ಬೆರಗಾದರು.

ಆ ಬೋರ್ಡಿಗೆ ಸಂಬಂಧಪಟ್ಟವರಿಗೆ ಪತ್ರ ಬರೆದಿದ್ದೇನೆ. ಉತ್ತರ ಬರುವ ತನಕ ಸುಮ್ಮನೆ ಕೂರುವುದು ಬೇಡ ಅಂತ ಹುಡುಗನ ಕೈಯಲ್ಲೇ ಒಂದು ತಗಡಿನ ಮೇಲೆ ಬಣ್ಣದಲ್ಲಿ ಬರೆಸಿದೆ: ‘ನೀರಿನ ಸೆಳವು ಜೋರು. ಒಮ್ಮೆಲೇ ನೀರು ಏರುತ್ತದೆ. ಇಳಿಯಬೇಡಿ.’ ಭಾನುವಾರ ಅವರಪ್ಪ ಅದನ್ನು ಒಯ್ದು ಹಳೆಯ ಬೋರ್ಡಿನ ಕೆಳಗೆ ತಂತಿ ಬಿಗಿದು ಕಟ್ಟಿ ಬಂದರು.

ನಿಮ್ಮೂರಿನ ಹೊಳೆ, ಕೆರೆ, ಕಾಲುವೆಯ ಹತ್ತಿರವೂ ಇಂಥ ಬೋರ್ಡು ಇದ್ದೀತು. ಈ ಸಲ ಆ ಕಡೆ ಹೋದಾಗ ಮಕ್ಕಳ ಕೈಲಿ ಓದಿಸಿ, ಅರ್ಥ ಏನು ಅಂತ ಕೇಳಿ ನೋಡಿ. ಅವರು ಏನೇ ಹೇಳಲಿ, ನನ್ನ ಹಾಗೆ ನಗಬೇಡಿ.