ತಮ್ಮ ಕುಂದನ್ನು ತಾವೇ ಸೈರಿಸದವರು

ಕಳೆದ ತಿಂಗಳು ಒಂದು ಭಾನುವಾರ ಪ್ರಾತಃಕಾಲ ನಮ್ಮ ಹಳೆಯ ಶಿಷ್ಯನೊಬ್ಬನ ಪತ್ನಿಯು ರಾಜಾಜಿನಗರದ ನಮ್ಮ ಮನೆಗೆ ಬಂದು, ಬಹಳ ಹೊತ್ತು ಮಾತನಾಡದೆ ಕುಳಿತಿದ್ದಳು. ಆತನು ಕಾಮಾಕ್ಷಿಪಾಳ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ. ಇಪ್ಪತ್ತು ವರ್ಷಗಳಿಂದ ಒಬ್ಬರೇ ಯಜಮಾನರ ಬಳಿ ಇರುವವನು. “ಮೇಷ್ಟ್ರೇ, ಇವರು ಮಾಡಿದ ಒಂದು ಶಾಫ್ಟು ವಾಪಸು ಬಂತಂತೆ. ಯಜಮಾನರು ಒಂದು ಮಾತೂ ಆಡಲಿಲ್ಲ. ಇವರು ಮಾತ್ರ ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ‘ಹೋಗಲಿ ಬಿಡಿ, ಒಂದು ತಾನೆ’ ಎಂದೆ; ಅದಕ್ಕೂ ನೊಂದುಕೊಂಡರು” ಎಂದಳು.

ಇಂತಹ ಪ್ರಕೃತಿಯವರು ವಾಚಕಮಹಾಶಯರ ಮನೆಗಳಲ್ಲಿಯೂ ಒಬ್ಬಿಬ್ಬರಿರಬಹುದು. ನಂಬಿದವರನ್ನು ಬಿಡದವರು, ಕೈಕೊಂಡುದನ್ನು ಅರ್ಧಕ್ಕೆ ನಿಲ್ಲಿಸದವರು, ಮಾತಿನ ಒಂದು ಕೊಂಕನ್ನು ವಾರಗಟ್ಟಲೆ ಮನಸ್ಸಿನಲ್ಲಿಟ್ಟುಕೊಳ್ಳುವವರು. ಇವರನ್ನು ‘ಮುಟ್ಟಿದರೆ ಮುನಿ’ ಎಂದು ಹಾಸ್ಯಮಾಡುವುದುಂಟು. ಅದು ಅನ್ಯಾಯವೆಂದು ನಮ್ಮ ಅಭಿಪ್ರಾಯ. ಆ ಗಿಡವು ಪರರ ಸ್ಪರ್ಶಕ್ಕೆ ಮುದುಡುತ್ತದೆ; ಇವರು ಬಹುಮಟ್ಟಿಗೆ ತಮ್ಮ ತೀರ್ಪಿಗೆ ತಾವೇ ಮುದುಡುತ್ತಾರೆ.

ಕಾಳಿದಾಸನ ಶಾಕುಂತಲದ ಪ್ರಸ್ತಾವನೆಯನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದೇವೆ. ಬಲ್ಲವರು ಮೆಚ್ಚುವ ತನಕ ತನ್ನ ವಿದ್ಯೆಯಲ್ಲಿ ತನಗೆ ಭರವಸೆ ಹುಟ್ಟದೆಂಬ ಭಾವವನ್ನು ಅಲ್ಲಿ ಸೂತ್ರಧಾರನು ತೋಡಿಕೊಳ್ಳುತ್ತಾನೆ. ಅದನ್ನು ವಿನಯವೆಂದು ವಿವರಿಸಿ ಮುಂದಕ್ಕೆ ಹೋಗುತ್ತಿದ್ದೆವು. ಅದರಲ್ಲಿ ನೋವೂ ಇರಬಹುದೆಂದು ತೋರಲಿಲ್ಲ. ತೋರಿದ್ದರೆ, ಈ ಶಿಷ್ಯನೇ ಹತ್ತನೆಯ ತರಗತಿಯಲ್ಲಿದ್ದಾಗ ಮುತ್ತಿನಂತಹ ಅಕ್ಷರಗಳಲ್ಲಿ ಬರೆದು ತಂದ ಭಾಷಾಂತರದ ಒಂದು ವಿಭಕ್ತಿದೋಷಕ್ಕೆ ಕೆಂಪು ಮಸಿಯ ಸುತ್ತು ಹಾಕಿ, ತರಗತಿಗೆಲ್ಲ ಎತ್ತಿ ತೋರಿಸುತ್ತಿರಲಿಲ್ಲ. ಮರುದಿನ ಆತನು ಪುಸ್ತಕವನ್ನೆಲ್ಲ ಹೊಸದಾಗಿ ಪ್ರತಿಮಾಡಿ ತಂದನು. ನಾವು ಶ್ರದ್ಧೆಯೆಂದು ಹೊಗಳಿದೆವು! ನಿದ್ರೆಗೆಟ್ಟ ಕಣ್ಣುಗಳನ್ನು ನೋಡಲಿಲ್ಲ.

ಹ್ಯೂಯಿಟ್ ಮತ್ತು ಫ್ಲೆಟ್ ಎಂಬ ಮನಶ್ಶಾಸ್ತ್ರಜ್ಞರು ೧೯೯೧ರಲ್ಲಿ ಈ ಪರಿಪೂರ್ಣತೆಯ ಹಂಬಲವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಕುಂದಿಲ್ಲದುದನ್ನು ತನ್ನಿಂದಲೇ ಬಯಸುವುದು, ಇತರರಿಂದ ಬಯಸುವುದು, ಇತರರು ತನ್ನಿಂದ ಅದನ್ನೇ ಬಯಸುತ್ತಿದ್ದಾರೆಂದು ಭಾವಿಸುವುದು. ಮೂರನೆಯದು ಹೆಚ್ಚು ಸುಡುವಂಥದು. ನಿಷ್ಠಾವಂತನಿಗೆ ಅದು ಬೇಗ ತಗಲುತ್ತದೆ. ಯಜಮಾನರು ಬಾಯಿಬಿಟ್ಟು ಬೈಯದಿದ್ದರೆ ಮನಸ್ಸಿನಲ್ಲಿ ಬೈದರೆಂದೇ ಆತನ ಲೆಕ್ಕ. ‘ಹೋಗಲಿ ಬಿಡಿ’ ಎಂಬ ಸಾಂತ್ವನವೂ ನಾಟುವುದು ಇದರಿಂದಲೇ. ತನ್ನ ಪ್ರೀತಿಯನ್ನು ಕೆಲಸದ ಮೂಲಕವಲ್ಲದೆ ಬೇರೆ ರೀತಿಯಲ್ಲಿ ತೋರಲರಿಯದವನಿಗೆ, ಕೆಲಸವು ಅಲ್ಪವೆಂದರೆ ಪ್ರೀತಿಯೂ ಅಲ್ಪವೆಂದಂತಾಯಿತು.

ಅಂದು ಸಂಜೆ ನಾವೇ ಆತನ ಮನೆಗೆ ಹೋಗಿ, ಉಪದೇಶಕ್ಕೆ ತೊಡಗದೆ, ಕೆಲಸದ ವಿಚಾರ ಕೇಳಿದೆವು. ನಕ್ಷೆಯಲ್ಲಿ ೨೫ ಮಿಲ್ಲಿಮೀಟರಿನ ರಂಧ್ರವೆಂದಿದ್ದರೆ, ‘ಹೆಚ್ ೭’ ಎಂಬ ದರ್ಜೆಯಲ್ಲಿ ಅದು ೨೧ ಮೈಕ್ರಾನಿನಷ್ಟು ದೊಡ್ಡದಾಗಬಹುದಂತೆ. ಮೈಕ್ರಾನೆಂದರೆ ಮಿಲ್ಲಿಮೀಟರಿನ ಸಾವಿರದಲ್ಲೊಂದು ಪಾಲು. ಹೀಗೆ ಒಪ್ಪಿದ ವ್ಯತ್ಯಾಸಕ್ಕೆ ಟಾಲರೆನ್ಸ್ ಎಂದು ಹೆಸರು. ತಿರುಗುವ ಶಾಫ್ಟಿಗೂ ಅದರ ರಂಧ್ರಕ್ಕೂ ನಡುವೆ ಎಡೆಯೇ ಇಲ್ಲದಿದ್ದರೆ ಎಣ್ಣೆಗೆ ಜಾಗವಿಲ್ಲದೆ, ಕಾದು, ಕಚ್ಚಿಕೊಳ್ಳುವುದಂತೆ. “ಟಾಲರೆನ್ಸ್ ಎಂದರೆ ಸೈರಣೆ ಎಂದೇ ಅರ್ಥವಷ್ಟೆ? ನಿನಗೆ ನೀನು ಎಷ್ಟು ಮೈಕ್ರಾನ್ ಕೊಟ್ಟುಕೊಂಡಿದ್ದೀಯಪ್ಪ?” ಎಂದೆವು. ಉತ್ತರ ಬರಲಿಲ್ಲ, ಸ್ವಲ್ಪ ನಕ್ಕನು.

ಆಕೆಗೆ ನಾವು ಹೇಳಿದುದಿಷ್ಟು. ತಪ್ಪಾದಾಗ ತಪ್ಪಿಲ್ಲವೆನ್ನಬೇಡ, ಆತನು ನಂಬುವುದಿಲ್ಲ. ಏಕಾಂತದಲ್ಲಿ, ಇದಿಷ್ಟೇ ಎಂದು ಗೆರೆಯೆಳೆದು ಹೇಳು. ಚೆನ್ನಾದುದನ್ನು ಹೇಳುವಾಗಲೂ ಯಾವುದು ಚೆನ್ನೆಂಬುದನ್ನು ಹೇಳು; ‘ಎಲ್ಲ ಚೆನ್ನಾಗಿದೆ’ ಎಂಬುದು ಇಂಥವರ ಕಿವಿಗೆ ಮುಟ್ಟದು. ಮೌನವಂತೂ ಬೇಡ. ಆದರೆ ಆತನಿಗೆ ಅಂಜಿ ಮನೆಯವರೆಲ್ಲ ಉಸಿರು ಬಿಗಿಹಿಡಿದಿರಬೇಕಾಗಿಲ್ಲ. ಮಗನ ಅಂಕಪಟ್ಟಿಗೂ ಮೈಕ್ರೋಮೀಟರ್ ಹಿಡಿದರೆ ಅಡ್ಡ ನಿಲ್ಲು. ಊಟ ನಿದ್ರೆಗಳು ವಾರಗಟ್ಟಲೆ ಕೆಟ್ಟರೆ ವೈದ್ಯರಿದ್ದಾರೆ, ನಿಮ್ಹಾನ್ಸ್ ಇದೆ. ೨೦೨೨ರಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರದ ದೂರವಾಣಿಯೂ ಇದೆ, ಸಂಖ್ಯೆ ೧೪೪೧೬.

ಹೊರಡುವ ಮುನ್ನ ಕೆಂಪು ಸುತ್ತಿನ ಸಂಗತಿಯನ್ನೆತ್ತಿ, ಅಂದು ತಪ್ಪು ನಮ್ಮದೆಂದೆವು. ದೋಷವಿದ್ದ ಪದ ನಮಗೆ ಮರೆತಿತ್ತು. ಆತನು ಪದವನ್ನೂ, ಅದಿದ್ದ ಸಾಲನ್ನೂ ಹೇಳಿದನು. ಅಷ್ಟರಲ್ಲಿ ಒಳಗಿನಿಂದ ಆಕೆ ಊಟಕ್ಕೆ ಕರೆದಳು. ಆತನು ಎದ್ದು, “ನೀವೂ ಬನ್ನಿ ಮೇಷ್ಟ್ರೇ” ಎಂದನು.