ಮನೋವೈದ್ಯರಿಗೂ ಬೇಕು ಇನ್ನೊಬ್ಬ ವೈದ್ಯರು

ಮಧುಮೇಹವಿರುವ ವೈದ್ಯರು ಇನ್ಸುಲಿನ್ ತೆಗೆದುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮನೋವೈದ್ಯರೇ ಖಿನ್ನತೆಗೆ ಮಾತ್ರೆ ನುಂಗುತ್ತಾರೆಂದು ತಿಳಿದರೆ, 'ಅವರಿಗೇ ಹೀಗಾದರೆ ನಮ್ಮ ಗತಿಯೇನು?' ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಈ ಮಾತಿಗೆ ಅಂಜಿ ಕಾಯಿಲೆಯನ್ನು ಮುಚ್ಚಿಟ್ಟು, ತಮಗೆ ತಾವೇ ಔಷಧ ಬರೆದುಕೊಂಡು ದಿನ ದೂಡುವ ವೈದ್ಯರೂ ಇದ್ದಾರೆ. ಅಪಾಯವಿರುವುದು ಇಲ್ಲಿಯೇ.

ಬ್ಯಾಂಕಿನಲ್ಲಿ ಲೆಕ್ಕ ಬರೆದವರೇ ಅದನ್ನು ತಾಳೆ ನೋಡಿ ಸಹಿ ಹಾಕುವಂತಿಲ್ಲ. ಎಷ್ಟೇ ಪ್ರಾಮಾಣಿಕರಾದರೂ ಇನ್ನೊಬ್ಬರ ಕಣ್ಣು ಬೇಕು. ಮನಸ್ಸಿನ ಕಾಯಿಲೆಯಲ್ಲಂತೂ ತಾಳೆ ನೋಡಬೇಕಾದ ಬುದ್ಧಿಯೇ ಮಂಕಾಗಿರುತ್ತದೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕಿ, ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ಅವರ ಉದಾಹರಣೆ ಗಮನಾರ್ಹ. ತಮಗೆ ಬೈಪೋಲಾರ್ ಕಾಯಿಲೆ ಇರುವುದನ್ನು ಅವರು 1995ರಲ್ಲಿ ತಮ್ಮ ಆತ್ಮಕಥನದ ಮೂಲಕ ಬಹಿರಂಗಪಡಿಸಿದರು. ಆ ಕಾಯಿಲೆಯ ಬಗ್ಗೆ ಅಧಿಕಾರವಾಣಿಯಿಂದ ಬರೆಯಬಲ್ಲ ಅವರೇ ಲಿಥಿಯಂ ಮಾತ್ರೆಯನ್ನು ನಡುವೆ ನಿಲ್ಲಿಸಿ ಸಾವಿನ ಅಂಚಿಗೆ ಹೋಗಿ ಬಂದವರು. ಬಳಿಕ, ಕಾಯಿಲೆ ಉಲ್ಬಣಿಸಿದರೆ ತಮ್ಮ ಚಿಕಿತ್ಸೆಯ ತೀರ್ಮಾನವನ್ನು ವೈದ್ಯರು ಹಾಗೂ ಮನೆಯವರೇ ಕೈಗೊಳ್ಳುವಂತೆ ಮೊದಲೇ ಏರ್ಪಾಡು ಮಾಡಿಕೊಂಡರು.

ಇಂತಹ ಅವಕಾಶ ಈಗ ನಮ್ಮ ದೇಶದಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ವಯಸ್ಕರು ಯಾರೇ ಆಗಲಿ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಮುಂಚಿತವಾಗಿ ಬರೆದಿಡಬಹುದು. ಚಿಕಿತ್ಸೆಯ ವಿವರ ಗೌಪ್ಯವಾಗಿರಬೇಕೆಂದೂ, ವಿಮಾ ಸಂಸ್ಥೆಗಳು ದೇಹದ ಕಾಯಿಲೆಗಿರುವ ಆಧಾರದಲ್ಲೇ ಮನಸ್ಸಿನ ಕಾಯಿಲೆಗೂ ವಿಮೆ ನೀಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ವೈದ್ಯರೂ ಇದಕ್ಕೆ ಹೊರತಲ್ಲ.

ಆದರೂ ಪರಿಸ್ಥಿತಿ ಸಮಾಧಾನಕರವಾಗಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ನೀಡಿದ ವರದಿಯಂತೆ, ಸಮೀಕ್ಷೆಗೆ ಉತ್ತರಿಸಿದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 31ರಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು. ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕಾರ್ಯಪಡೆ ಶಿಫಾರಸು ಮಾಡಿದೆ. ನಾಳಿನ ಮನೋವೈದ್ಯರು ಹೊರಬರುವುದೂ ಈ ವಿದ್ಯಾರ್ಥಿಗಳ ನಡುವಿನಿಂದಲೇ.

ಕೆಲಸದ ಹೊರೆ ಇಳಿಸುವುದು ಆಸ್ಪತ್ರೆಗಳ ಹೊಣೆ. ಕಾಯಿಲೆಯ ಮೇಲಿನ ಕಳಂಕ ತೊಡೆಯುವುದು ಸಮಾಜದ ಹೊಣೆ. ನಮ್ಮ ಕನ್ನಡ ಸಂಘಗಳು ರಕ್ತದೊತ್ತಡ, ಕಣ್ಣು ತಪಾಸಣೆಯ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುತ್ತಿವೆ. ಅದೇ ವೇದಿಕೆಯಲ್ಲಿ ಮನಸ್ಸಿನ ಮಾತಿಗೂ ಒಂದು ಗಂಟೆ ಮೀಸಲಿಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದೆಂಬುದನ್ನು ಸದಸ್ಯರಿಗೆ ತಿಳಿಸಬಹುದು. ಚಿಕಿತ್ಸೆ ಪಡೆಯುತ್ತಿರುವ ವೈದ್ಯರನ್ನು ನಂಬುವ ಸಮಾಜದಲ್ಲಿ ರೋಗಿಯೂ ನಾಚಿಕೆಯಿಲ್ಲದೆ ಅವರ ಬಾಗಿಲು ತಟ್ಟುತ್ತಾನೆ.